ಚೊಗರಿನ ಲೆಕ್ಕದಲ್ಲಿ ಐದು ಬಾಟಲಿ

ಐದು ಬಾಟಲಿಗಳಿಗೂ ಹಳೆಯ ಪತ್ರಿಕೆ ಸುತ್ತಿ, ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಬಿಗಿದು, ಮೇಲೆ ಅ, ಆ, ಇ, ಈ, ಉ ಎಂದು ದಪ್ಪ ಪೆನ್ನಿನಲ್ಲಿ ಬರೆದವಳು ನನ್ನ ಹೆಂಡತಿ. ಯಾವ ಅಕ್ಷರದೊಳಗೆ ಯಾವ ವೈನ್ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಅವಳು ಕುಡಿಯುವವಳಲ್ಲ, ಹಾಗಾಗಿ ಯಾರ ಪರವೂ ಅಲ್ಲ. ಎದುರಿಗೆ ಕುಳಿತಿದ್ದವರು ಆ ಐದರಲ್ಲಿ ನಾಲ್ಕನ್ನು ಮಾಡಿದವರು. ಶ್ರಾವಣ ಹುಟ್ಟಿದ ಮೇಲೆ, ಮಾರಿದ ವೈನರಿಯ ಕೀಲಿಕೈ ಒಪ್ಪಿಸಿ ಮೈಸೂರಿನ ಮಗಳ ಮನೆಗೆ ಹೊರಡುವವರು. ಆಷಾಢದಲ್ಲಿ ಆಸ್ತಿ ಕೈಬದಲಾಗಬಾರದೆಂದು ಹಠ ಹಿಡಿದದ್ದು ಕೊಂಡವರ ಮನೆಯ ಹಿರಿಯರಂತೆ. ಅದರಿಂದ ಇವರಿಗೆ ಒಂದು ತಿಂಗಳು ಪುಕ್ಕಟೆಯಾಗಿ ಸಿಕ್ಕಿತು, ನನಗೆ ಒಂದು ಭಾನುವಾರ.

ದೊಡ್ಡಬಳ್ಳಾಪುರದಿಂದ ನಂದಿಬೆಟ್ಟದ ಕಡೆಗೆ ಹೋಗುವ ಹಾದಿಯಲ್ಲಿ, ಡಾಂಬರು ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗೆ, ಏಳು ಎಕರೆ ದ್ರಾಕ್ಷಿ, ಒಂದು ತಗಡಿನ ಶೆಡ್ಡು, ಶೆಡ್ಡಿಗೆ ಅಂಟಿಕೊಂಡ ಹೆಂಚಿನ ಜಗಲಿ. ವೈನರಿ ಎಂದರೆ ಇಷ್ಟೇ. ಹೆಸರು ಬರೆಯುವುದಿಲ್ಲ. ಹೊಸಬರು ಹೆಸರನ್ನೇ ಬದಲಿಸುತ್ತಾರಂತೆ, ಬರೆದರೂ ಓದುವವರಿಗೆ ಉಪಯೋಗವಿಲ್ಲ. ಯಜಮಾನರಿಗೆ 71 ವರ್ಷ. ಕಾರ್ಖಾನೆಯೊಂದರಲ್ಲಿ ಯಂತ್ರಗಳ ಜೊತೆ ಅರ್ಧ ಆಯುಷ್ಯ ಕಳೆದು, ಸ್ವಯಂ ನಿವೃತ್ತಿಯ ಹಣದಲ್ಲಿ ಈ ಕೆಂಪು ಮಣ್ಣನ್ನು ಕೊಂಡವರು. ಈ ಸೀಮೆಯಲ್ಲಿ ವೈನಿಗಾಗಿ ಫ್ರೆಂಚ್ ತಳಿಯ ದ್ರಾಕ್ಷಿ ನೆಟ್ಟು ದಾರಿ ಮಾಡಿದವರು ಗ್ರೋವರ್ ಕುಟುಂಬದವರು. ಅದು 1980ರ ದಶಕದ ಕೊನೆಯ ಮಾತು. ಆಮೇಲೆ ಫ್ರಾನ್ಸಿನ ಬೋರ್ಡೋದ ಪ್ರಸಿದ್ಧ ವೈನ್ ತಜ್ಞ ಮಿಷೆಲ್ ರೋಲಾಂ ಅವರೇ ಸಲಹೆಗಾರರಾಗಿ ನಂದಿಯ ತಪ್ಪಲಿಗೆ ಬಂದು ಹೋಗುತ್ತಿದ್ದರು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಎಂದು ಒಂದನ್ನು ತಂದ ಮೇಲೆ ನಮ್ಮ ಯಜಮಾನರಂತಹ ಸಣ್ಣವರಿಗೂ ಧೈರ್ಯ ಬಂತು. ಮರುವರ್ಷವೇ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅಲ್ಲಿಂದ ಈಚೆಗೆ ಇಲ್ಲಿನ ಮಣ್ಣು ಬೆಳೆಯುವ ಅತಿ ದೊಡ್ಡ ಬೆಳೆ ನಿವೇಶನ. ಯಜಮಾನರ ತೋಟದ ಮೂರು ದಿಕ್ಕಿನಲ್ಲಿ ಈಗಾಗಲೇ ಬಣ್ಣ ಹೊಡೆದ ಗಡಿಕಲ್ಲುಗಳಿವೆ. ಇವರದ್ದನ್ನು ಕೊಂಡವರು ಮಾತ್ರ ಬಳ್ಳಿ ಕೀಳುವುದಿಲ್ಲವಂತೆ. ರೆಸಾರ್ಟ್ ಮಾಡುತ್ತಾರೆ, ಬಳ್ಳಿ ಫೋಟೊಗೆ ಬೇಕು.

ನಾನು ಈ ಹೋಲಿಕೆಗೆ ಇಳಿದದ್ದು ಸ್ವಾರ್ಥದಿಂದ. ಹಳೆಯ ಗಿರಾಕಿಗಳಿಗೆ ಕೊನೆಯ ಸುಗ್ಗಿಯ ಬಾಟಲಿಗಳನ್ನು ತೋಟದ ದರಕ್ಕೇ ಕೊಡುತ್ತೇನೆಂದು ಅವರು ಫೋನ್ ಮಾಡಿದ್ದರು. ಸ್ಟೀಲ್ ಟ್ಯಾಂಕಿನಲ್ಲೇ ಬೆಳೆದ 2024ರ ಶಿರಾಜ್, ಅಂದರೆ ಆ ಹೆಸರಿನ ದ್ರಾಕ್ಷಿ ತಳಿಯ ಕೆಂಪು ವೈನಿಗೆ, 650 ರೂಪಾಯಿ. ಅದೇ ಶಿರಾಜ್ ಹನ್ನೆರಡು ತಿಂಗಳು ಓಕ್ ಪೀಪಾಯಿಯಲ್ಲಿ ಕಳೆದಿದ್ದರೆ 1,150. ಅದೇ ವರ್ಷದ, ಕ್ಯಾಬರ್ನೇ ಸೋವಿನ್ಯೋನ್ ಎಂಬ ಇನ್ನೊಂದು ತಳಿಯದು 900. ನನ್ನ ಬಳಿ ಇದ್ದದ್ದು ಒಂಬತ್ತು ಸಾವಿರ. ಯಾವುದು ಎಷ್ಟು ಎಂಬುದೇ ಪ್ರಶ್ನೆ. ಪಕ್ಕಕ್ಕೆ ಅಳತೆಗೋಲಾಗಿ ಇರಲೆಂದು ನಗರದ ಅಂಗಡಿಯಿಂದ ದೊಡ್ಡ ಕಂಪನಿಯೊಂದರ ಶಿರಾಜ್ ಒಯ್ದೆ, 780 ರೂಪಾಯಿಯದು. ಐದನೆಯದನ್ನು ಯಜಮಾನರೇ ಕಪಾಟಿನ ಹಿಂದಿನಿಂದ ತೆಗೆದು ಕೊಟ್ಟರು. ಅವರದೇ 2020ರ ಶಿರಾಜ್, ಮಾರಾಟಕ್ಕಿಲ್ಲದ್ದು.

ರುಚಿ ಹೇಳುವ ಮೊದಲು ನನ್ನ ನಾಲಿಗೆ ಎಲ್ಲಿಯದು ಎಂದು ಹೇಳಿಬಿಡಬೇಕು. ನಾನು ಸಾಗರದ ಕಡೆಯ ಅಡಿಕೆ ಮನೆಯವನು. ಬೋರ್ಡೋ ಎಂಬ ಹೆಸರನ್ನು ನಾನು ಮೊದಲು ಕೇಳಿದ್ದು ಔಷಧಿಯಾಗಿ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತಿದ್ದ ನೀಲಿ ನೀರು ಅದು. ಅದು ಫ್ರಾನ್ಸಿನ ದ್ರಾಕ್ಷಿ ಸೀಮೆಯ ಹೆಸರೆಂದು ತಿಳಿದದ್ದು ಬೆಂಗಳೂರಿಗೆ ಬಂದು ಎಷ್ಟೋ ವರ್ಷಗಳ ನಂತರ. ದಾರಿಹೋಕರು ಹಣ್ಣು ಕದಿಯದಿರಲೆಂದು ರಸ್ತೆ ಪಕ್ಕದ ಬಳ್ಳಿಗಳಿಗೆ ಅಲ್ಲಿನವರು ಈ ನೀಲಿ ದ್ರಾವಣ ಎರಚುತ್ತಿದ್ದರಂತೆ, ಆ ಬಳ್ಳಿಗಳಿಗೆ ಬೂಜುರೋಗ ತಗಲದ್ದನ್ನು 1880ರ ದಶಕದಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಗಮನಿಸಿದರಂತೆ. ಕಳ್ಳರನ್ನು ಹೆದರಿಸಲು ಹುಟ್ಟಿದ ಮದ್ದು ನಮ್ಮ ಅಡಿಕೆಯನ್ನು ಇವತ್ತಿಗೂ ಕಾಯುತ್ತಿದೆ.

ಹಾಗೆಯೇ ವೈನ್ ಬಲ್ಲವರು ಟ್ಯಾನಿನ್ ಎಂದು ಕಣ್ಣು ಮುಚ್ಚಿ ಹೇಳುವುದನ್ನು ನಾನು ಚೊಗರು ಎಂದೇ ಗುರುತಿಸುವುದು. ಸುಲಿದ ಹಸಿ ಅಡಿಕೆಯನ್ನು ಹಂಡೆಯಲ್ಲಿ ಬೇಯಿಸಿದಾಗ ನೀರಿಗೆ ಇಳಿಯುವ ಕೆಂಪು ರಸವೇ ಚೊಗರು. ಬೆರಳಿಗೆ ತಗುಲಿದರೆ ವಾರ ಹೋಗುವುದಿಲ್ಲ, ನಾಲಿಗೆಗೆ ತಗುಲಿದರೆ ಒಸಡು ಹಿಂಡಿದಂತಾಗುತ್ತದೆ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ವೈನಿಗೆ ಇಳಿಯುವುದೂ ಅದೇ ಜಾತಿಯ ವಸ್ತು. ಚೊಗರಿನಲ್ಲಿ ಎಳೆಯದು, ಬಲಿತದ್ದು, ಸುಟ್ಟದ್ದು ಎಂಬ ವ್ಯತ್ಯಾಸವನ್ನು ಅಡಿಕೆ ಬೇಯಿಸುವ ಮನೆಯ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಇನ್ನೊಂದು ಅನುಕೂಲವೂ ಇದೆ. ರುಚಿ ನೋಡುವವರು ವೈನನ್ನು ನುಂಗದೆ ಉಗುಳಬೇಕು, ಇಲ್ಲವಾದರೆ ಮೂರನೆಯ ಲೋಟದ ಹೊತ್ತಿಗೆ ಎಲ್ಲವೂ ಚೆನ್ನಾಗಿಯೇ ಇರುತ್ತದೆ. ಕವಳ ಹಾಕುವವರ ಮನೆಯಲ್ಲಿ ಬೆಳೆದವನಿಗೆ ಉಗುಳುವುದು ಕಷ್ಟದ ವಿದ್ಯೆಯೇ?

ಈಗ ಸುಗ್ಗಿಯ ಮಾತು. 2024ರದ್ದು ಬರದ ಮಗು. 2023ರ ಮುಂಗಾರು ಕೈಕೊಟ್ಟು ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು. ನಮ್ಮ ಹವೆಯಲ್ಲಿ ದ್ರಾಕ್ಷಿ ಬಳ್ಳಿಗೆ ಚಳಿಗಾಲದ ನಿದ್ದೆ ಇಲ್ಲ, ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಹಾಗಾಗಿ ಎರಡು ಸಲ ಸವರುತ್ತಾರೆ, ಏಪ್ರಿಲ್‌ನಲ್ಲಿ ಕಡ್ಡಿ ಬಲಿಯಲು, ಸೆಪ್ಟೆಂಬರ್ ಅಕ್ಟೋಬರ್ ಹೊತ್ತಿಗೆ ಹಣ್ಣು ಕಟ್ಟಲು. ವಿಜಯಪುರದ ರೈತರು ಇದನ್ನು ಚಾಟನಿ ಎನ್ನುತ್ತಾರೆ. ಆ ಅಕ್ಟೋಬರ್‌ನಲ್ಲಿ ಸವರಿದ ಮೇಲೆ ಯಜಮಾನರ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿತು. ಇನ್ನೊಂದು 1,200 ಅಡಿಯಿಂದ ದಿನಕ್ಕೆ ಎರಡು ತಾಸು ಮಾತ್ರ ನೀರೆತ್ತುತ್ತಿತ್ತು. ಮಳೆಯಿಲ್ಲದ್ದರಿಂದ ರೋಗವೂ ಬರಲಿಲ್ಲ, ಸಿಂಪಡಣೆಯ ಖರ್ಚು ಉಳಿಯಿತು. ಆದರೆ ಗೋಲಿಯಷ್ಟಾಗಬೇಕಾದ ಕಾಳು ಬಟಾಣಿಯಷ್ಟೇ ಆಯಿತು. ಕಾಳು ಸಣ್ಣದಾದರೆ ರಸ ಕಡಿಮೆ, ಅದರ ಲೆಕ್ಕಕ್ಕೆ ಸಿಪ್ಪೆ ಹೆಚ್ಚು. ಬಣ್ಣ, ಒಗರು, ಪರಿಮಳ ಎಲ್ಲವೂ ಇರುವುದು ಸಿಪ್ಪೆಯಲ್ಲಿ. ಮಾರ್ಚ್ ನಡುವಿನಲ್ಲಿ ಕೊಯ್ದಾಗ ಶಿರಾಜ್ ಎಂದಿನ ಅರ್ಧಕ್ಕೆ ಇಳಿದಿತ್ತು, ಐದು ಟನ್ ಚಿಲ್ಲರೆ. ಅದರ ರಸ ಹುದುಗಿ ವೈನಾದ ಮೇಲೆ ಅವರು ಎರಡು ಪಾಲು ಮಾಡಿದರು. ನಾಲ್ಕು ಪೀಪಾಯಿಗಳಿಗೆ ತುಂಬಿಸಿದಷ್ಟು ಒಂದು ಪಾಲು, ಉಳಿದದ್ದು ಸ್ಟೀಲ್ ಟ್ಯಾಂಕಿನಲ್ಲೇ. ಒಂದು ಪೀಪಾಯಿಗೆ 225 ಲೀಟರ್, ಅಂದರೆ 300 ಬಾಟಲಿ. ಇದರಿಂದ ನನಗೆ ಸಿಕ್ಕಿದ್ದು ಅಪರೂಪದ ಹೋಲಿಕೆ: ಒಂದೇ ಬಳ್ಳಿ, ಒಂದೇ ದಿನದ ಕೊಯ್ಲು, ಒಂದೇ ಯೀಸ್ಟ್, ಬೇರೆಯಾದದ್ದು ಮನೆ ಮಾತ್ರ.

ಜಗಲಿಯಲ್ಲಿ ಆಷಾಢದ ಗಾಳಿ ಮೇಜಿನ ಬಟ್ಟೆಯನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಮೂಲೆಗಳಿಗೆ ಕಾರ್ಕ್ ತೆಗೆಯುವ ಸಲಕರಣೆ, ಕತ್ತರಿ, ಎರಡು ಕಲ್ಲು ಇಟ್ಟೆವು. ನನ್ನ ಮುಂದೆ ಐದು ಗಾಜಿನ ಲೋಟ. ಯಜಮಾನರ ಮುಂದೆ ಐದು ಸ್ಟೀಲ್ ಲೋಟ, ಮದುವೆಯ ಉಡುಗೊರೆಯವು, ಒಂದೊಂದರ ಅಂಚಿನಲ್ಲೂ ಕೊಟ್ಟವರ ಹೆಸರು ಚುಕ್ಕೆಚುಕ್ಕೆಯಾಗಿ ಕೆತ್ತಿದ್ದು. ಇಷ್ಟು ವರ್ಷ ಅವರು ಟ್ಯಾಂಕಿನ ನಲ್ಲಿಯಿಂದ ರುಚಿ ನೋಡಿದ್ದು ಅದರಲ್ಲೇ. "ಗಾಜಿನಲ್ಲಿ ಕಣ್ಣು ಕುಡಿಯುತ್ತದೆ" ಎನ್ನುವುದು ಅವರ ವಾದ. ಸ್ಟೀಲಿನ ಅಗಲ ಬಾಯಿಯಿಂದ ಪರಿಮಳ ಹಾರಿಹೋಗುತ್ತದೆ ಎನ್ನುವುದು ನನ್ನದು. ಹತ್ತು ವರ್ಷದಿಂದ ಇದು ಇತ್ಯರ್ಥವಾಗಿಲ್ಲ.

"ಅ" ಸುರಿದಾಗಲೇ ಜಗಲಿಯ ಮೇಲೆ ನೇರಳೆ ಹಣ್ಣಿನ ವಾಸನೆ. ಪೇಟೆಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುವ ದಪ್ಪ ಜಂಬುನೇರಳೆಯದಲ್ಲ, ಮರದಡಿ ಬಿದ್ದು ಸೀಳಿದ, ಇರುವೆ ಮುತ್ತಿದ ಕಾಡುನೇರಳೆಯದು. ಬಣ್ಣ ಎಷ್ಟು ಕಪ್ಪೆಂದರೆ ಲೋಟದಾಚೆ ಬೆರಳಿಟ್ಟರೆ ಕಾಣಲಿಲ್ಲ. ಬಾಯಿಗೆ ಬಿಟ್ಟುಕೊಂಡರೆ ಮೊದಲು ಹಣ್ಣು, ನಡುವೆ ಮುರುಗಲು ಸಿಪ್ಪೆಯ ಹುಳಿ, ಕೊನೆಯಲ್ಲಿ ಒಸಡಿನ ಮೇಲೆ ಎಳೆ ಅಡಿಕೆಯ ಚೊಗರು, ಸ್ವಲ್ಪ ಒರಟು. ನುಂಗಿದ ಮೇಲೂ ನೇರಳೆ ತಿಂದಾಗಿನಂತೆ ನಾಲಿಗೆಯ ಮೇಲೊಂದು ತೆಳ್ಳಗಿನ ಒಣ ಪದರ ಉಳಿಯುತ್ತದೆ. ಶಿರಾಜ್‌ನಲ್ಲಿ ಇರಬೇಕಾದ ಕಾಳುಮೆಣಸು ಮಾತ್ರ ಬಹಳ ಹುಡುಕಬೇಕಾಯಿತು. ಆ ವಾಸನೆಗೆ ಕಾರಣ ರೊಟಂಡೋನ್ ಎಂಬ ವಸ್ತು, ನಮ್ಮ ಕಾಳುಮೆಣಸಿನಲ್ಲೂ ಇರುವುದು ಅದೇ. ತಂಪು ಸೀಮೆಯ ಹಣ್ಣಿನಲ್ಲಿ ಅದು ಹೆಚ್ಚು, ಬಿಸಿಲಿನ ಹಣ್ಣಿನಲ್ಲಿ ಕಡಿಮೆ. 2024ರ ಬಿಸಿಲನ್ನು ಬೆಂಗಳೂರಿನಲ್ಲಿ ಕಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ನಾನು ಚೀಟಿಯಲ್ಲಿ "ಟ್ಯಾಂಕ್ ಶಿರಾಜ್, ಖಂಡಿತ" ಎಂದು ಬರೆದೆ. ಸರಿಯಾಗಿಯೇ ಇತ್ತು.

"ಆ" ನಗರದ ಬಾಟಲಿ. ಮೂಸಿದರೆ ಹಣ್ಣು, ಕುಡಿದರೆ ಹಣ್ಣು, ಕೊನೆಯಲ್ಲಿ ಕೊಂಚ ಸಿಹಿ. ಒಂದು ದೋಷವಿಲ್ಲ, ಒಂದು ನೆನಪೂ ಇಲ್ಲ. ಮದುವೆ ಮನೆಯಲ್ಲಿ ಎಲ್ಲರಿಗೂ ನಮಸ್ಕಾರ ಹೇಳಿ ಹೋಗುವ ದೂರದ ನೆಂಟನಂತೆ. ಯಜಮಾನರು ಒಂದು ಗುಟುಕಿಗೆ ಕಂಡುಹಿಡಿದು ಲೋಟ ಪಕ್ಕಕ್ಕೆ ಸರಿಸಿದರು. ಆದರೂ ಒಂದು ನ್ಯಾಯದ ಮಾತು ಹೇಳಬೇಕು. ಈ ವೈನನ್ನು ಯಾವ ವರ್ಷ, ಯಾವ ಊರಿನಲ್ಲಿ ತೆರೆದರೂ ಇದೇ ರುಚಿ ಸಿಗುತ್ತದೆ. ಲಕ್ಷಗಟ್ಟಲೆ ಬಾಟಲಿಯಲ್ಲಿ ಅದನ್ನು ಸಾಧಿಸುವುದು ಸಣ್ಣ ಕೆಲಸವಲ್ಲ. ಬರ ಬಂದ ವರ್ಷ ಬರದ ರುಚಿಯನ್ನೇ ಬಡಿಸುವ ಸ್ವಾತಂತ್ರ್ಯ ಏಳು ಎಕರೆಯವರಿಗೆ ಮಾತ್ರ ಇರುತ್ತದೆ.

"ಇ" ಯಾವುದೆಂದು ಹೇಳಲು ಮೂಗು ಸಾಕಾಯಿತು. ದೊಣ್ಣೆಮೆಣಸಿನಕಾಯಿ ಹೆಚ್ಚಿದ ಹಲಗೆಯ ವಾಸನೆ, ಅಂದರೆ ಪೂರ್ತಿ ಮಾಗದ ಕ್ಯಾಬರ್ನೇ. ಶಿರಾಜ್‌ಗಿಂತ ತಡವಾಗಿ ಹಣ್ಣಾಗುವ ತಳಿ ಅದು, ಆ ವರ್ಷ ಕಾಯಲು ನೀರಿರಲಿಲ್ಲ. ಚೊಗರು ಹಸಿಹಸಿ, ನಡುವೆ ಪೊಳ್ಳು. ಯಜಮಾನರೇ "ಇದನ್ನು ಕೊಳ್ಳಬೇಡಿ" ಎಂದರು. ವೈನ್ ಮಾರುವವರ ಬಾಯಲ್ಲಿ ನಾನು ಈ ಮಾತು ಕೇಳಿದ್ದು ಇದೇ ಮೊದಲು, ಅದೂ ಅಂಗಡಿ ಮುಚ್ಚುವ ತಿಂಗಳಿನಲ್ಲಿ.

"ಈ" ಮತ್ತು "ಉ" ಬಂದಾಗ ತಮಾಷೆಯಾಯಿತು. "ಈ" ಲೋಟದ ಅಂಚಿನಲ್ಲಿ ಇಟ್ಟಿಗೆಯ ಬಣ್ಣ. ಹಳತಾದ ಕೆಂಪು ವೈನು ನೇರಳೆ ಬಣ್ಣ ಬಿಟ್ಟು ಆ ಕಡೆಗೆ ತಿರುಗುತ್ತದೆ, ಆದ್ದರಿಂದ ಅದು 2020 ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಯಜಮಾನರು ಎರಡನ್ನೂ ಮೂರು ಮೂರು ಸಲ ಕುಡಿದು "ಈ" ಪೀಪಾಯಿಯದು, "ಉ" 2020 ಎಂದು ಗಟ್ಟಿಯಾಗಿ ಹೇಳಿದರು. ಸ್ಟೀಲ್ ಲೋಟದಲ್ಲಿ ಬಣ್ಣ ಕಾಣುವುದಿಲ್ಲವಲ್ಲ! ಹೆಂಡತಿ ಪತ್ರಿಕೆ ಬಿಚ್ಚಿ ತೋರಿಸಿದಾಗ ಅವರು ಬಹಳ ಹೊತ್ತು ಚೀಟಿ ನೋಡಿದರು. ತಪ್ಪಿಗೆ ಕಾರಣ ಲೋಟವೊಂದೇ ಆಗಿರಲಿಕ್ಕಿಲ್ಲ. 2020ನ್ನು ಅವರು ಮನಸ್ಸಿನಲ್ಲಿ ಹೆಚ್ಚು ಗಟ್ಟಿಯಾದ ವೈನೆಂದು ಇಟ್ಟುಕೊಂಡಿದ್ದರು. ಬಾಟಲಿಯೊಳಗೆ ಅದು ಅವರಿಗೆ ಹೇಳದೆ ಮೃದುವಾಗಿತ್ತು.

ಆ 2020ರ ಕಥೆ ನನಗೂ ಗೊತ್ತಿರುವುದೇ. ಮಾರ್ಚ್ ಕೊನೆಯ ವಾರ ಲಾಕ್‌ಡೌನ್ ಘೋಷಣೆಯಾದಾಗ ಕೊನೆಯ ನಾಲ್ಕು ಸಾಲು ಬಳ್ಳಿ ಕೊಯ್ಯದೆ ಉಳಿದಿತ್ತು. ಕೊಯ್ಲಿಗೆ ಬರುತ್ತಿದ್ದವರು ತಮ್ಮ ಊರು ಸೇರಿದ್ದರು. ಯಜಮಾನರು, ಅವರ ಹೆಂಡತಿ, ಮಗಳು, ಕಾವಲಿನವನ ಕುಟುಂಬ ಸೇರಿ ಆರು ದಿನ ಕೊಯ್ದರು. ಬಳ್ಳಿಯಲ್ಲೇ ಉಳಿದ ಗೊಂಚಲುಗಳು ಅರ್ಧ ಒಣದ್ರಾಕ್ಷಿಯಾಗಿದ್ದವು, ಅವನ್ನೂ ಹಾಕಿದರು. ಮೇ 4ರವರೆಗೆ ರಾಜ್ಯದಲ್ಲಿ ಮದ್ಯದ ಅಂಗಡಿಗಳೇ ತೆರೆಯಲಿಲ್ಲ, ಹಳೆಯ ದಾಸ್ತಾನು ಕದಲಲಿಲ್ಲ, ಹೊಸದನ್ನು ಬಾಟಲಿಗೆ ಇಳಿಸುವ ಅವಸರವೂ ಇರಲಿಲ್ಲ. ಈಗ ಅದರಲ್ಲಿ ಆಲೆಮನೆಯ ಕೊಪ್ಪರಿಗೆಯ ಅಂಚಿನಲ್ಲಿ ಅಂಟಿದ ಬೆಲ್ಲ ಇದೆ, ಒಣ ಹುಣಸೆ ಇದೆ, ಹಿಂದೆ ಸಣ್ಣದಾಗಿ ಕಾಳುಮೆಣಸು ಕೂಡ ಇದೆ. ಚೊಗರು ಪೂರ್ತಿ ಬಲಿತು, ಅಟ್ಟದ ಮೇಲಿನ ಕೆಂಪಡಿಕೆಯಷ್ಟು ನಯವಾಗಿದೆ. ಆದರೆ ಇದು ಇಳಿಜಾರಿನ ಮೇಲಿರುವ ವೈನು. ಮುಕ್ಕಾಲು ಗಂಟೆಯಲ್ಲಿ ಲೋಟದೊಳಗೇ ಸಪ್ಪೆಯಾಗತೊಡಗಿತು. ಯಾರಾದರೂ ಇದರ ಬಾಟಲಿ ಇಟ್ಟುಕೊಂಡಿದ್ದರೆ ಈ ವರ್ಷವೇ ತೆರೆಯಬೇಕು.

ಉಳಿದದ್ದು "ಉ", ಪೀಪಾಯಿಯ ಶಿರಾಜ್, ನಾನು ಹೆಚ್ಚು ಜಗಳವಾಡಿದ್ದೂ ಇದರ ಮೇಲೆಯೇ. ಆ ಭಾನುವಾರ ಇದು ನನಗೆ ಹಿಡಿಸಲಿಲ್ಲ. ಮೂಗಿಗೆ ಮೊದಲು ಬಂದದ್ದು ಕೊಬ್ಬರಿ, ಆಮೇಲೆ ವೆನಿಲಾ, ಆಮೇಲೆ ಬಡಗಿಯ ಅಂಗಡಿ. ನೇರಳೆ ಎಲ್ಲಿ ಎಂದು ಕೇಳಬೇಕಾಯಿತು. ಅಮೆರಿಕದ ಓಕ್ ಮರದಲ್ಲಿ ಕೊಬ್ಬರಿಯ ವಾಸನೆ ಕೊಡುವ ಲ್ಯಾಕ್ಟೋನ್ ಹೆಚ್ಚಿರುತ್ತದೆ, ಫ್ರಾನ್ಸಿನ ಓಕ್‌ನಲ್ಲಿ ಕಡಿಮೆ. ಯಜಮಾನರ ನಾಲ್ಕು ಪೀಪಾಯಿಗಳಲ್ಲಿ ಮೂರು ಹಿಂದೆ ಬೇರೆಯವರು ಬಳಸಿಬಿಟ್ಟ ಫ್ರೆಂಚ್ ಪೀಪಾಯಿಗಳು, ಅವು ಬಹುಪಾಲು ತಮ್ಮ ಸಾರ ಬಿಟ್ಟಾಗಿತ್ತು. ನಾಲ್ಕನೆಯದು ಮಾತ್ರ ಹೊಸ ಅಮೆರಿಕನ್. "ಕೊನೆಯ ಸಲ ಅಂತ ಒಂದು ಹೊಸದು ತಂದೆ" ಎಂದರು. ನಾಲ್ಕನ್ನೂ ಬೆರೆಸಿದಾಗ ಆ ಒಂದು ಹೊಸ ಪೀಪಾಯಿಯೇ ಎಲ್ಲರಿಗಿಂತ ಜೋರಾಗಿ ಮಾತಾಡುತ್ತಿದೆ. ಇದನ್ನು ಹೇಳಿದೆ. ಅವರಿಗೆ ಬೇಸರವಾಯಿತು. "ನೀವು ಕೂಸನ್ನು ನೋಡಿ ಮೂಗು ದಪ್ಪ ಅನ್ನುತ್ತಿದ್ದೀರಿ" ಎಂದರು. ಬರದ ಹಣ್ಣಿನ ಅಷ್ಟು ಒಗರನ್ನು ಹೊತ್ತುಕೊಳ್ಳಲು ಮರ ಬೇಕೇ ಬೇಕು, ಟ್ಯಾಂಕಿನದ್ದು ಎರಡು ವರ್ಷಕ್ಕೆ ಮುಗಿಯುತ್ತದೆ, ಇದು ಎಂಟು ವರ್ಷ ನಿಲ್ಲುತ್ತದೆ ಎಂಬುದು ಅವರ ಲೆಕ್ಕ. ನಾನು ಇವತ್ತಿನ ಊಟದ ಲೆಕ್ಕದವನು. ನಡುವೆ ಹೆಂಡತಿ, ಇಬ್ಬರೂ ಉಗುಳುವುದನ್ನು ಮರೆತು ಬಹಳ ಹೊತ್ತಾಯಿತೆಂದು ನೆನಪಿಸಿದಳು.

ಅದಕ್ಕೆ ಮದ್ದೆಂಬಂತೆ ಯಜಮಾನರ ಹೆಂಡತಿ ಒಳಗಿನಿಂದ ಒಂದು ತಟ್ಟೆ ಬೆಂಗಳೂರು ಬ್ಲೂ ದ್ರಾಕ್ಷಿ ತಂದಿಟ್ಟರು, ಪಕ್ಕದ ತೋಟದ್ದು. ಈ ಸೀಮೆಯ ನಿಜವಾದ ದ್ರಾಕ್ಷಿ ಅದೇ. ನೂರೈವತ್ತು ವರ್ಷಗಳಿಂದ ಇಲ್ಲಿದೆ, 2013ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯನ್ನೂ ಪಡೆಯಿತು. ಸಿಪ್ಪೆ ಜಾರಿ ಬರುವ, ಬೀಜವಿರುವ, ಬಾಯಿಗಿಟ್ಟರೆ ಬಾಲ್ಯದ ಜಾಮ್ ಬಾಟಲಿಯಂತೆ ಘಮ್ಮೆನ್ನುವ ಹಣ್ಣು. ಅಮೆರಿಕದ ಕಾಡುದ್ರಾಕ್ಷಿಯ ರಕ್ತ ಇರುವುದರಿಂದ ಆ ಘಮ. ವೈನ್ ಪಂಡಿತರು ಅದನ್ನು ನರಿಯ ವಾಸನೆ ಎಂದು ಹಳಿಯುತ್ತಾರೆ. ಅದರಿಂದ ಸಿಹಿ ವೈನನ್ನು ಧಾರಾಳವಾಗಿ ಮಾಡುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ಎಷ್ಟೋ ಮನೆಗಳ ಭರಣಿಯಲ್ಲೂ ಅದೇ ಹುದುಗುತ್ತಿರುತ್ತದೆ. ಒಂದು ಗೊಂಚಲು ಖಾಲಿ ಮಾಡಿದ ಮೇಲೆ ಟ್ಯಾಂಕ್ ಶಿರಾಜ್ ಕುಡಿದರೆ ಹುಣಸೆನೀರಿನಂತಿತ್ತು. ರುಚಿ ನೋಡುವ ದಿನ ಮೇಜಿನ ಬಳಿ ಅದನ್ನು ಸೇರಿಸಬೇಡಿ.

ಎರಡನೆಯ ಸುತ್ತು ಮನೆಯಲ್ಲಿ, ಅದೇ ಸಂಜೆ, ಊಟದ ಜೊತೆ. ಅರ್ಧರ್ಧ ಉಳಿದ ಬಾಟಲಿಗಳಿಗೆ ಬಿರಡೆ ಜಡಿದು ತಂದಿದ್ದೆವು. 2020ರದ್ದು ಜಗಲಿಯಲ್ಲೇ ಮುಗಿದಿತ್ತು, ಕ್ಯಾಬರ್ನೇಯನ್ನು ಅಲ್ಲೇ ಬಿಟ್ಟು ಬಂದೆ. ಜುಲೈ ಆದರೂ ಅಡುಗೆಮನೆಯ ಬಿಸಿಗೆ ಕೆಂಪು ವೈನ್ ಸಾರಾಯಿಯ ಘಾಟು ಹೊಡೆಯುತ್ತದೆ, ಅದಕ್ಕೇ ಮೂರನ್ನೂ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟೆ. ಅಕ್ಕಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ನಮ್ಮದು. ಭಾವಮೈದುನ ತಂದದ್ದು ನಾಟಿಕೋಳಿ ಸಾರು, ಗುಂಟೂರು ಮೆಣಸಿನಕಾಯಿಯ ಕೆಂಪು ತೇಲುವಂಥದ್ದು. ಆ ಸಾರಿನ ಮುಂದೆ ಪೀಪಾಯಿಯ ಶಿರಾಜ್ ಪೂರ್ತಿ ಸೋತಿತು. ಖಾರವೂ ಒಗರೂ ಒಂದರ ಬೆಂಕಿಗೆ ಇನ್ನೊಂದು ತುಪ್ಪ ಹೊಯ್ಯುತ್ತವೆ, ಜೊತೆಗೆ ಮರದ ಕಹಿ. ಟ್ಯಾಂಕಿನದ್ದು ಹಣ್ಣಿನ ಬಲದಿಂದ ನಿಂತಿತು. ನಗರದ ಬಾಟಲಿ, ಹೇಳಲು ಸಂಕೋಚ, ಸಾರಿನ ಜೊತೆ ಎರಡಕ್ಕಿಂತಲೂ ಚೆನ್ನಾಗಿ ಹೋಯಿತು. ಜಗಲಿಯಲ್ಲಿ ನಾನು ಹೀಗಳೆದ ಆ ಕೊಂಚ ಸಿಹಿಯೇ ಖಾರವನ್ನು ತಣಿಸಿತು. ಭಾವಮೈದುನ ಉಳಿದ ಎರಡನ್ನು ಮುಟ್ಟಲೇ ಇಲ್ಲ.

ಎಣ್ಣೆಗಾಯಿಯ ಮುಂದೆ ಮಾತ್ರ ಆಟ ತಿರುಗಿತು. ಶೇಂಗಾ, ಎಳ್ಳು, ಕೊಬ್ಬರಿ ಅರೆದ ಮಸಾಲೆ, ಮೇಲೆ ಎಣ್ಣೆ, ಖಾರ ಹಿತ. ಜಿಡ್ಡು ಚೊಗರಿನ ಹಲ್ಲು ಮುರಿಯುತ್ತದೆ. ಪೀಪಾಯಿಯ ಕೊಬ್ಬರಿ ಮಸಾಲೆಯ ಕೊಬ್ಬರಿಯಲ್ಲಿ ಸೇರಿಹೋಗಿ, ಹಿಂದೆ ಅಡಗಿದ್ದ ನೇರಳೆ ಮೊದಲ ಸಲ ಮುಂದೆ ಬಂತು. ರೊಟ್ಟಿಯ ಕರಿದ ಅಂಚನ್ನು ಅದ್ದಿ ತಿಂದು ಒಂದು ಗುಟುಕು ಕುಡಿದಾಗ ಯಜಮಾನರಿಗೆ ಫೋನ್ ಮಾಡಬೇಕೆನಿಸಿತು. ಮಾಡಲಿಲ್ಲ, ಒಂದು ಬದನೆಕಾಯಿಗಾಗಿ ಸೋಲು ಒಪ್ಪಿಕೊಳ್ಳುವುದು ಅವಸರವಾದೀತು ಎಂದುಕೊಂಡೆ. ಭಾನುವಾರ ರಾತ್ರಿ ಮಲಗುವಾಗ ನನ್ನ ಕ್ರಮ ಹೀಗಿತ್ತು: ಟ್ಯಾಂಕ್ ಶಿರಾಜ್, 2020, ನಗರದ್ದು, ಪೀಪಾಯಿಯದು, ತಳದಲ್ಲಿ ಕ್ಯಾಬರ್ನೇ. ಬೆಲೆಯನ್ನೂ ಲೆಕ್ಕಕ್ಕೆ ಹಿಡಿದರೆ ಪೀಪಾಯಿಯದನ್ನು ಪರಿಗಣಿಸಲೂ ಬೇಕಿರಲಿಲ್ಲ. ಹಗಲೇ ಆರು ಟ್ಯಾಂಕ್ ಶಿರಾಜ್‌ಗೆ ಹಣ ಕೊಟ್ಟು ಬಿಲ್ ಮಾಡಿಸಿ ತಂದಿದ್ದೆ.

ಮಂಗಳವಾರ ರಾತ್ರಿ ಫ್ರಿಜ್ಜಿನಲ್ಲಿ ಮೊಸರಿನ ಪಾತ್ರೆ ಹುಡುಕುವಾಗ ಮೂರು ಬಾಟಲಿಗಳೂ ಕಣ್ಣಿಗೆ ಬಿದ್ದವು, ಒಂದೊಂದರ ತಳದಲ್ಲೂ ಲೋಟದಷ್ಟು ಉಳಿದಿತ್ತು. ತೆರೆದ ಮೂರನೆಯ ದಿನದ ವೈನು, ಚೆಲ್ಲುವ ಮೊದಲು ನೋಡೋಣವೆಂದು ಸುರಿದೆ. ನಗರದ್ದು ಸಿಹಿ ಶರಬತ್ತಾಗಿತ್ತು. ಟ್ಯಾಂಕಿನದ್ದರಲ್ಲಿ ನೇರಳೆ ಹೋಗಿ ಅದರ ಬೀಜ ಉಳಿದಿತ್ತು, ಒಗರು ಮಾತ್ರ ಮೊದಲಿನಷ್ಟೇ ಒರಟು. ಪೀಪಾಯಿಯದನ್ನು ಮೂಸಿ, ಬಾಟಲಿ ತಪ್ಪಿತೇ ಎಂದು ಮತ್ತೆ ಪತ್ರಿಕೆ ಸರಿಸಿ ನೋಡಿದೆ. ಕೊಬ್ಬರಿ ಅರ್ಧಕ್ಕರ್ಧ ಇಳಿದಿದೆ. ನೇರಳೆ ಇದೆ, ಜೊತೆಗೆ ಭಾನುವಾರ ಯಾವುದರಲ್ಲೂ ಸರಿಯಾಗಿ ಸಿಗದ ಹಸಿ ಕಾಳುಮೆಣಸು. ಚೊಗರು ಒಸಡಿನ ಮೇಲೆ ಉದ್ದಕ್ಕೆ, ಸಮವಾಗಿ, ಬೇಯಿಸಿ ಒಣಗಿಸಿದ ಅಡಿಕೆಯದರಂತೆ ಕೂತಿದೆ. ಎರಡು ದಿನ ಗಾಳಿಯಾಡಿದ್ದು ಎರಡು ಮೂರು ವರ್ಷ ಕಾದದ್ದಕ್ಕೆ ಸಮವೇನಲ್ಲ, ಆದರೂ ವೈನು ಯಾವ ದಿಕ್ಕಿಗೆ ಹೊರಟಿದೆ ಎಂದು ಊಹಿಸಲು ಸಾಕು. ನಿಂತಲ್ಲೇ, ಫ್ರಿಜ್ಜಿನ ಬಾಗಿಲು ತೆರೆದಿಟ್ಟುಕೊಂಡೇ ಅಷ್ಟನ್ನೂ ಕುಡಿದೆ.

ಆದ್ದರಿಂದ ನನ್ನ ತೀರ್ಪು ಎರಡು ತುಂಡಾಗಿದೆ. ಇವತ್ತು ಸಂಜೆಗೆ, ಮುಂದಿನ ಯುಗಾದಿಗೆ, ನೆಂಟರು ಬಂದಾಗ ತೆರೆಯಲು ಟ್ಯಾಂಕ್ ಶಿರಾಜ್, ಎರಡನೆಯ ಮಾತಿಲ್ಲ. 650ಕ್ಕೆ ಇದಕ್ಕಿಂತ ಊರಿನ ರುಚಿ ಇರುವ ವೈನ್ ನನಗೆ ಗೊತ್ತಿಲ್ಲ, ಆದರೆ ತೆರೆದ ದಿನವೇ ಮುಗಿಸಬೇಕು. ತಂಪಾದ ಕತ್ತಲೆ ಮೂಲೆಯೂ ತಾಳ್ಮೆಯೂ ಇರುವವರು ಪೀಪಾಯಿಯದನ್ನು ಕೊಳ್ಳಬೇಕು, 2028ಕ್ಕೆ ಮೊದಲು ಕಾರ್ಕಿಗೆ ಕೈ ಹಾಕಬಾರದು. ಈಗಲೇ ಕುಡಿಯಲೇಬೇಕೆಂದರೆ ಬೆಳಿಗ್ಗೆಯೇ ಜಗ್ಗಿಗೆ ಬಗ್ಗಿಸಿಟ್ಟು ರಾತ್ರಿ ಎಣ್ಣೆಗಾಯಿ ಜೊತೆ ಕುಡಿಯಿರಿ. ಕ್ಯಾಬರ್ನೇಯ ವಿಷಯದಲ್ಲಿ ಯಜಮಾನರ ಮಾತೇ ನನ್ನದು.

ಬುಧವಾರ ಬೆಳಿಗ್ಗೆ ಫೋನ್ ಮಾಡಿ ನಾಲ್ಕು ಪೀಪಾಯಿ ಶಿರಾಜ್ ಬೇಕೆಂದೆ. ಅವರು ನಗಲಿಲ್ಲ, ಹೇಳಿದ್ದೆನಲ್ಲ ಎಂದೂ ಅನ್ನಲಿಲ್ಲ. ಹಿಂದೆ ಯಾರೋ ಪಾತ್ರೆಗಳನ್ನು ಗೋಣಿಗೆ ತುಂಬುತ್ತಿರುವ ಸದ್ದು ಕೇಳುತ್ತಿತ್ತು. ದಾಸ್ತಾನಿನ ಲೆಕ್ಕ ನಿನ್ನೆಯೇ ಮುಗಿದು ಬಿಲ್ ಪುಸ್ತಕ ಹೊಸಬರ ಕೈಸೇರಿದೆ, ಶ್ರಾವಣ ಬಂದ ಮೇಲೆ ಅವರನ್ನೇ ಕೇಳಬೇಕು ಎಂದರು. ದರ ಎಷ್ಟಿಡಬಹುದು ಎಂದೆ. "ಹೊಸ ಲೇಬಲ್ ಅಚ್ಚಾಗುತ್ತಿದೆ, 2,400 ಅಂತ ಕೇಳಿದೆ" ಎಂದರು.